ಸತ್ತವನ ಮುಷ್ಟಿ

ಮೊದಲ ಒದೆ ಪಕ್ಕೆಗೆ ಬಿತ್ತು.

ಎರಡನೆಯದು ತಲೆಗೆ ಬರುತ್ತಿತ್ತು. ಉರುಳಿಕೊಂಡೆ.

ಇಂಗ್ಲೆಂಡಿನ ಉತ್ತರಕ್ಕಿರುವ ಲ್ಯಾಂಕಶೈರಿನ ಗಂಡಸು ಕೈಯಲ್ಲಿ ಜಗಳಾಡುವುದಿಲ್ಲ. ಕಾಲಲ್ಲಿ ಆಡುತ್ತಾನೆ. ಮರದ ಅಟ್ಟೆಯ ಬೂಟು, ಅದರ ತಳಕ್ಕೆ ಕುದುರೆಗೆ ಹೊಡೆದ ಹಾಗೆ ಕಬ್ಬಿಣದ ಲಾಳ. ಅದು ಮೂಳೆಗೆ ತಾಕಿದರೆ ಡಾಕ್ಟರಿಗಿಂತ ಬಡಗಿಯನ್ನು ಕರೆಸುವುದು ವಾಸಿ.

"ಎದ್ದು ಟ್ರೈನು ಹತ್ತು. ಇನ್ನೊಂದ್ಸಲ ಈ ಬೀದೀಲಿ ಕಂಡ್ರೆ ಹೆಂಗಸು ಅಂತಾನೂ ನೋಡಲ್ಲ," ಅಂದ ಸೆತ್ ಹ್ಯಾಲಿವೆಲ್.

"ಈಗ ನೋಡಿದ್ಯಾ?" ಅಂದೆ.

ಮೂರನೇ ಒದೆ ಬಂತು. ನನ್ನ ಬಾಯಿ ಮೊದಲಿನಿಂದಲೂ ಹೀಗೆಯೇ... ನನಗಿಂತ ಒಂದು ಹೆಜ್ಜೆ ಮುಂದೆ.

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಈ ಸೆತ್‌ನ ತಮ್ಮನ ಹೆಂಡತಿ ನೆಲ್ಲಿಯನ್ನು ನೇಣಿಗೆ ಹಾಕುವವರಿದ್ದರು. ನನ್ನ ಕೈಯಲ್ಲಿ ಉಳಿದದ್ದು ನಲವತ್ತೇಳು ಗಂಟೆ. ಅದರಲ್ಲಿ ಐದು ನಿಮಿಷ ಈ ಕಟುಕನ ಕಾಲಡಿಯಲ್ಲಿ ಹೋಯಿತು. ಕಟುಕ ಅಂದದ್ದು ಬೈಗುಳವಲ್ಲ. ಅವನ ಕೆಲಸವೇ ಅದು.

ನನ್ನನ್ನು ಉಳಿಸಿದ್ದು ಸೋಮವಾರ!

ಸೋಮವಾರ ನಮ್ಮ ಕಡೆ ಬಟ್ಟೆ ಒಗೆಯುವ ದಿನ. ಸಾಲುಮನೆಗಳ ಹಿಂದಿನ ಓಣಿಯುದ್ದಕ್ಕೂ ಗೋಡೆಯಿಂದ ಗೋಡೆಗೆ ಹಗ್ಗ. ಹಗ್ಗದ ತುಂಬಾ ಒದ್ದೆ ದುಪ್ಪಟಿ. ಎದ್ದವಳೇ ಮೊದಲ ದುಪ್ಪಟಿಯೊಳಗೆ ನುಗ್ಗಿದೆ. ಆಮೇಲೆ ಎರಡನೆಯದು... ಮೂರನೆಯದು... ಯಾರದೋ ಒಳಚಡ್ಡಿ ಮುಖಕ್ಕೆ ಬಡಿಯಿತು. ಹಿಂದೆ ಲಾಳದ ಬೂಟು ಕಲ್ಲಿನ ಮೇಲೆ ಕಿಡಿ ಹಾರಿಸುತ್ತಾ ಬರುತ್ತಿತ್ತು. ಹಗ್ಗ ಎತ್ತಿ ನಿಲ್ಲಿಸಿದ್ದ ಉದ್ದನೆಯ ಗಳುವೊಂದನ್ನು ಒದ್ದೆ. ಎಂಟು ದುಪ್ಪಟಿ ಒಟ್ಟಿಗೆ ಅವನ ತಲೆಯ ಮೇಲೆ ಕುಸಿದವು.

ಓಣಿಯ ಕೊನೆಗೆ ಹಸಿರು ಬಾಗಿಲಿನ ಹಿತ್ತಿಲು. ನುಗ್ಗಿದೆ. ಅಗುಳಿ ಹಾಕಿದೆ.

ಅಲ್ಲಿ ತಾಮ್ರದ ಹಂಡೆಯಲ್ಲಿ ಬಟ್ಟೆ ಕುದಿಸುತ್ತಾ ಒಬ್ಬ ಮುದುಕಿ ನಿಂತಿದ್ದಳು. ಗಿಡ್ಡಗೆ, ಅಗಲವಾಗಿ, ಬಾಗಿಲಿಗೆ ಅಡ್ಡ ಇಡುವ ಕಲ್ಲಿನ ಹಾಗೆ. ನನ್ನ ತುಟಿಯ ರಕ್ತ ನೋಡಿದಳು. ಕೋಲಿನಿಂದ ಹಂಡೆ ತಿರುವುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ನೀನು ಬರ್ತೀಯ ಅಂತ ಗೊತ್ತಿತ್ತು," ಅಂದಳು ಮಾರ್ಥಾ ಡಕ್ವರ್ತ್. "ಆದ್ರೆ ಈ ಪರಿ ಕೊಳೆ ಮಾಡ್ಕೊಂಡು ಬರ್ತೀಯ ಅಂತ ಗೊತ್ತಿರ್ಲಿಲ್ಲ."

ಇವಳು ಯಾರು, ನಾನು ಇವಳನ್ನೇ ಯಾಕೆ ಹುಡುಕಿಕೊಂಡು ಬಂದೆ... ಅದನ್ನು ಹೇಳಿಬಿಡುತ್ತೇನೆ. ಹೊರಗೆ ಸೆತ್ ಬಾಗಿಲು ಒದೆಯುತ್ತಿರಲಿ. ಗಟ್ಟಿ ಓಕ್ ಬಾಗಿಲು.

ನನ್ನ ಹೆಸರು ಹೆಸ್ಟರ್ ಗ್ರಿಮ್‌ಶಾ. ಒಂಬತ್ತು ವರ್ಷ ಜೈಲಿನಲ್ಲಿದ್ದವಳು. ಗಾಬರಿ ಬೇಡ, ಬೀಗದ ಕೈ ನನ್ನ ಹತ್ತಿರವೇ ಇತ್ತು. ವಾರ್ಡರ್ ಕೆಲಸ. ಅದನ್ನು ಬಿಟ್ಟ ಮೇಲೆ ಎಂಟ್ವಿಸಲ್ ಅನ್ನುವ ವಕೀಲರಿಗೆ ಬೇಕಾದವರನ್ನು ಹುಡುಕಿಕೊಡುತ್ತಿದ್ದೇನೆ. ನೆಲ್ಲಿಯ ಮೇಲ್ಮನವಿ ಬಿದ್ದುಹೋದ ಮೇಲೆ ಅವರು ಕಾಗದದ ಕಟ್ಟು ನನ್ನ ಮುಂದೆ ಇಟ್ಟು, ಏನಾದರೂ ಸಿಗುತ್ತದೆಯೇ ನೋಡು ಅಂದರು.

ಕೇಸು ಇಷ್ಟೇ. ನೆಲ್ಲಿ ಹತ್ತಿ ಗಿರಣಿಯಲ್ಲಿ ನೇಯುವವಳು. ಗಂಡ ಜೋ ಯುದ್ಧದಲ್ಲಿ ವಿಷದ ಗಾಳಿ ಕುಡಿದು ಬಂದವನು. ಎಂಟು ವರ್ಷ ಕೆಮ್ಮಿದ. ನವೆಂಬರಿನಲ್ಲಿ ಒಂದು ದಿನ ವಾಂತಿಗೆ ಶುರುವಾಯಿತು, ಮಾರನೇ ದಿನ ಮಧ್ಯಾಹ್ನ ಸತ್ತ. ಡಾಕ್ಟರು ಶ್ವಾಸಕೋಶ ಅಂತ ಬರೆದುಕೊಟ್ಟರು. ಮಣ್ಣಾಯಿತು. ಆರು ವಾರದ ಮೇಲೆ ಅಣ್ಣ ಸೆತ್ ಪೊಲೀಸರ ಹತ್ತಿರ ಹೋದ. ಔಷಧದಂಗಡಿಯಲ್ಲಿ ವಿಷ ಕೊಂಡವರು ಸಹಿ ಹಾಕುವ ಪುಸ್ತಕದಲ್ಲಿ ನೆಲ್ಲಿಯ ಸಹಿ ಇತ್ತು, ಇಲಿ ಪಾಷಾಣಕ್ಕೆ. ಹೆಣ ಮೇಲೆತ್ತಿದರು. ಹೊಟ್ಟೆಯ ತುಂಬಾ ಪಾಷಾಣ.

ಅಟ್ಟದಲ್ಲಿ ಇಲಿ ಇದೆ ಅಂತ ಗಂಡನೇ ತರಿಸಿದ, ಅಂದಳು ನೆಲ್ಲಿ. ಅದನ್ನು ನಂಬುತ್ತಿದ್ದರೋ ಏನೋ. ಅವಳನ್ನು ಮುಳುಗಿಸಿದ್ದು ಒಂದು ಲೋಟ.

ಜೋ ಕೊನೆಗೆ ಕುಡಿದ ಲೋಟ. ಡಾಕ್ಟರು ಬರುವಷ್ಟರಲ್ಲಿ ಅದು ತೊಳೆದು, ಒರೆಸಿ, ಕಪಾಟಿನಲ್ಲಿ ಬೋರಲು ಕೂತಿತ್ತು. ಹಾಸಿಗೆಯ ಬಟ್ಟೆ ಹಂಡೆಯಲ್ಲಿ ಕುದಿಯುತ್ತಿತ್ತು. ನೆಲ ಉಜ್ಜಿ ಆಗಿತ್ತು. ಯಾರು ತೊಳೆದದ್ದು ಅಂತ ಸರಕಾರಿ ವಕೀಲರು ಕೇಳಿದರು. ನಾನೇ, ಅಂದಳು ನೆಲ್ಲಿ. ದಕ್ಷಿಣದಿಂದ ಬಂದ ನ್ಯಾಯಾಧೀಶರು ಜೂರಿಗೆ ಹೇಳಿದರಂತೆ: ಕಣ್ಣೀರು ಬರಬೇಕಾದ ಹೊತ್ತಿನಲ್ಲಿ ಸೋಪಿನ ನೀರು ಬಂದರೆ ಅದಕ್ಕೇನು ಅರ್ಥ, ಯೋಚಿಸಿ.

ಹನ್ನೆರಡು ಗಂಡಸರು ಐವತ್ತು ನಿಮಿಷ ಯೋಚಿಸಿದರು.

ಅವರಲ್ಲಿ ಒಬ್ಬಳೇ ಒಬ್ಬಳು ಗಿರಣಿ ಬೀದಿಯ ಹೆಂಗಸಿದ್ದಿದ್ದರೆ ಸಾಕಿತ್ತು! ನಮ್ಮಲ್ಲಿ ಸತ್ತವನ ಕೋಣೆಯನ್ನು ಹೆಂಡತಿ ಮುಟ್ಟುವುದಿಲ್ಲ. ಮುಟ್ಟಬಾರದು. ಪ್ರತಿ ಬೀದಿಗೂ ಆ ಕೆಲಸಕ್ಕೆ ಅಂತ ಒಬ್ಬಳಿರುತ್ತಾಳೆ. ಪಾದ್ರಿಗಿಂತ ಮೊದಲು, ಡಾಕ್ಟರಿಗಿಂತ ಮೊದಲು ಅವಳು ಬರುತ್ತಾಳೆ. ಗಂಡಸರನ್ನು ಹೊರಗೆ ಕಳಿಸುತ್ತಾಳೆ. ಹೆಣ ತೊಳೆದು, ದವಡೆ ಕಟ್ಟಿ, ಕಣ್ಣಿನ ಮೇಲೆ ನಾಣ್ಯ ಇಟ್ಟು, ಕೋಣೆಯಲ್ಲಿರುವ ಲೋಟ ಚಮಚವನ್ನೂ ಬಿಡದೆ ತೊಳೆದೇ ಹೋಗುವುದು. ಗಂಡಸರು ಒಳಗೆ ಬಂದಾಗ ಎಲ್ಲಾ ಹೊಳೆಯುತ್ತಿರುತ್ತದೆ. ಹೆಂಡತಿ ಮಾಡಿರಬೇಕು ಅಂದುಕೊಳ್ಳುತ್ತಾರೆ. ಮನೆಯಲ್ಲಿ ಹೊಳೆಯುವುದೆಲ್ಲ ತಾನಾಗಿ ಹೊಳೆಯುತ್ತದೆ ಅಂದುಕೊಂಡವರು ಅವರು.

ಹಾಗಾಗಿ ಕಾಗದ ಓದಿದ ಹತ್ತೇ ನಿಮಿಷಕ್ಕೆ ನನಗೆ ಗೊತ್ತಾಯಿತು. ನೆಲ್ಲಿ ಕೋರ್ಟಿನಲ್ಲಿ ಒಂದು ಸುಳ್ಳು ಹೇಳಿದ್ದಳು. ತನ್ನನ್ನು ಉಳಿಸಿಕೊಳ್ಳುವ ಸುಳ್ಳಲ್ಲ... ಕೊಲ್ಲಿಸಿಕೊಳ್ಳುವ ಸುಳ್ಳು.

ಯಾರಿಗಾಗಿ?

ಬೀದಿಯಲ್ಲಿ ಕೇಳಿದೆ. ಮೂವತ್ತು ಬಾಗಿಲು ಮುಖದ ಮೇಲೆ ಮುಚ್ಚಿದವು. ಶನಿವಾರ ನೆಲ್ಲಿಯನ್ನು ನೋಡಲು ಅವಳ ಅಕ್ಕ ಡೋರ್ಕಸ್ ಜೊತೆ ಜೈಲಿಗೆ ಹೋದೆ. ಕೇಸಿನ ಮಾತು ಆಡುವ ಹಾಗಿಲ್ಲ, ವಾರ್ಡರ್ ಪಕ್ಕದಲ್ಲೇ ಕೂತಿರುತ್ತಾಳೆ. ಅಕ್ಕತಂಗಿಯರು ಮಳೆ ಬಗ್ಗೆ ಮಾತಾಡಿದರು. ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡಿದರು. ಮಾತಿನ ನಡುನಡುವೆ ಸುಮ್ಮನಾದರು. ವಾರ್ಡರ್ ದುಃಖ ಅಂದುಕೊಂಡಳು.

ಅದು ದುಃಖವಲ್ಲ.

ಮುನ್ನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕಿವಿಗೆ ಕೆಲಸವಿಲ್ಲ. ನೇಯುವ ಹೆಂಗಸರು ತುಟಿಯಲ್ಲಿ ಮಾತಾಡುತ್ತಾರೆ, ಕಣ್ಣಲ್ಲಿ ಕೇಳುತ್ತಾರೆ. ಹನ್ನೆರಡು ವರ್ಷದವಳಿದ್ದಾಗ ನಾನೂ ಆ ಗಿರಣಿಗಳಲ್ಲಿ ನಿಂತವಳೇ. ಡೋರ್ಕಸ್‌ಗೆ ಅದು ಗೊತ್ತಿರಲಿಲ್ಲ.

ಮಾರ್ಥಾ ಹೆಸರು ಎತ್ತಿಲ್ಲ ತಾನೇ, ಅಂತ ಅಕ್ಕನ ತುಟಿ ಕೇಳಿತು. ಸದ್ದಿಲ್ಲ. ಇಲ್ಲ, ಅಂತು ತಂಗಿಯ ತುಟಿ. ಕ್ಷಮೆಯ ಕಾಗದ ಬಂದೇ ಬರುತ್ತೆ, ಹೆದರ್ಬೇಡ, ಅಂತು ಅಕ್ಕನ ತುಟಿ... ಹೆಂಗಸರನ್ನ ಈಗ ನೇಣಿಗೆ ಹಾಕಲ್ಲ.

ಆ ಕೊನೆಯ ಮಾತಿಗೆ ನಾನು ಮುಖ ತಿರುಗಿಸಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಹಿತ್ತಿಲಿಗೆ ಬನ್ನಿ. ಮಾರ್ಥಾ ನನ್ನ ಮುಖಕ್ಕೆ ಒದ್ದೆ ಬಟ್ಟೆ ಕೊಟ್ಟಳು, ಟೀ ಕೊಟ್ಟಳು. ಲೋಟ ತೊಳೆದದ್ದು ನೀನು ತಾನೇ ಅಂದೆ. ಹೌದು ಅಂದಳು. ಅಷ್ಟು ಸಲೀಸು. ಹಾಗಾದರೆ ವಕೀಲರ ಮುಂದೆ ಬಂದು ಹೇಳು ಅಂದೆ. ಆಗಲ್ಲ ಅಂದಳು. ಅದೂ ಅಷ್ಟೇ ಸಲೀಸು.

ಕಾರಣ ಅವಳೇ ಹೇಳಿದಳು. ಸತ್ತವರನ್ನು ತೊಳೆಯುವವಳೇ ಹುಟ್ಟುವವರನ್ನೂ ಹಿಡಿಯುವವಳು. ಲೈಸೆನ್ಸಿಲ್ಲದೆ ಹೆರಿಗೆ ಮಾಡಿಸಿದರೆ ಈಗ ಕಾನೂನು ಹಿಡಿಯುತ್ತದೆ. ಕೋರ್ಟಿನಲ್ಲಿ ಅವಳನ್ನು ನಿಲ್ಲಿಸಿದರೆ ಪೊಲೀಸರು ಅವಳ ನಲವತ್ತು ವರ್ಷವನ್ನೂ ಬಿಚ್ಚುತ್ತಾರೆ. ಅವಳು ಜೈಲಿಗೆ ಹೋದರೆ ಬೀದಿಯ ಹೆರಿಗೆಗೆ ಬೇರೆ ಯಾರೂ ಇಲ್ಲ, ಡಾಕ್ಟರು ಅಂದರೆ ಬೀದಿಯವರ ಕೈಗೆ ಎಟುಕದ ಮಾತು. ನೆಲ್ಲಿಯೇ ಹೇಳಿ ಕಳಿಸಿದಳಂತೆ: ನೀನು ಸುಮ್ಮನಿರು, ನಾನು ತೊಳೆದೆ ಅಂತೀನಿ, ಹೇಗೂ ಕ್ಷಮೆ ಸಿಗುತ್ತೆ.

"ಇಡೀ ಬೀದಿ ಸೇರಿ ತೀರ್ಮಾನ ಮಾಡಿದ್ದು ಕಣಮ್ಮ. ಹೆಂಗಸರನ್ನ ಈಗ ನೇಣಿಗೆ ಹಾಕಲ್ಲ," ಅಂದಳು ಮಾರ್ಥಾ.

ಅದೇ ಮಾತು!

ನಾನು ಟೀ ಕೆಳಗಿಟ್ಟೆ.

ಇದರ ಇತಿಹಾಸ ನನಗೆ ಗೊತ್ತು. ಯಾರೂ ಕಲಿಸಲಿಲ್ಲ, ರಾತ್ರಿ ಪಾಳಿಯಲ್ಲಿ ಜೈಲಿನ ಹಳೆಯ ಪುಸ್ತಕ ಓದಿ ತಿಳಿದುಕೊಂಡದ್ದು. ಅದನ್ನೇ ಅವಳಿಗೆ ಹೇಳಿದೆ. ನೂರೈವತ್ತು ವರ್ಷದ ಹಿಂದೆ ಈ ದೇಶದಲ್ಲಿ ಗಂಡನನ್ನು ಕೊಂದವಳಿಗೆ ನೇಣೂ ಇರಲಿಲ್ಲ, ಕಂಬಕ್ಕೆ ಕಟ್ಟಿ ಸುಡುತ್ತಿದ್ದರು. ಗಂಡ ಹೆಂಡತಿಯನ್ನು ಕೊಂದರೆ ಕೊಲೆ, ಹೆಂಡತಿ ಗಂಡನನ್ನು ಕೊಂದರೆ ದ್ರೋಹ. ಆಮೇಲೆ ಜೈಲಿನ ಬಾಗಿಲಲ್ಲಿ ನೇಣು, ಜನ ಜಾತ್ರೆಗೆ ಬಂದ ಹಾಗೆ ಬಂದು ನೋಡುತ್ತಿದ್ದರು. ಈಗ ಗೋಡೆಯ ಒಳಗೆ. ನಿಜ, ಈಗ ಹತ್ತರಲ್ಲಿ ಒಂಬತ್ತು ಹೆಂಗಸರಿಗೆ ಕ್ಷಮೆ ಸಿಗುತ್ತದೆ. ಹಸುಗೂಸಿನ ಉಸಿರು ಕಟ್ಟಿಸಿದ ಹುಡುಗಿಗೆ ಸಿಗುತ್ತದೆ. ಕುಡುಕನ ತಲೆಗೆ ಕಬ್ಬಿಣ ಬೀಸಿದವಳಿಗೆ ಸಿಗುತ್ತದೆ.

"ಹತ್ತನೆಯವಳು ಯಾರು ಗೊತ್ತಾ ಮಾರ್ಥಾ? ಟೀಯಲ್ಲಿ ವಿಷ ಹಾಕಿದವಳು. ಅವಳಿಗೆ ಮಾತ್ರ ಇಲ್ಲ. ಯಾಕಂದ್ರೆ ಮಂತ್ರಿಗಳೂ ಮನೇಲಿ ಟೀ ಕುಡೀತಾರೆ."

ಅವಳು ಹಂಡೆ ತಿರುವುವುದನ್ನು ನಿಲ್ಲಿಸಿದಳು.

ಲಿಡಿಯಾಳ ಕತೆಯನ್ನೂ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಲಿಡಿಯಾ ಅತ್ತೆಗೆ ವಿಷ ಹಾಕಿದ ಹುಡುಗಿ. ಮೂರು ವಾರ ನಾನು ಅವಳ ಕೋಣೆಯಲ್ಲಿ ಕೂತು ಇಸ್ಪೀಟು ಆಡಿದೆ. ನಿಯಮ ಅದು, ಸಾಯುವವಳನ್ನು ಒಂಟಿ ಬಿಡಬಾರದು. ದಿನಾ ಕೇಳುತ್ತಿದ್ದಳು, ಕಾಗದ ಬಂತಾ ಅಂತ. ದಿನಾ ಹೇಳುತ್ತಿದ್ದೆ, ಬರುತ್ತೆ, ಹೆಂಗಸರನ್ನ ಈಗ ನೇಣಿಗೆ ಹಾಕಲ್ಲ ಅಂತ. ಒಂದು ಮಧ್ಯಾಹ್ನ ಬಾಗಿಲಿನ ಕಿಂಡಿಯಲ್ಲಿ ಒಂದು ಕಣ್ಣು ಬಂತು. ಗಲ್ಲಿಗೇರಿಸುವವನದು. ಕತ್ತಿನ ದಪ್ಪ, ಮೈಯ ತೂಕ ಅಳೆದು ಹಗ್ಗ ಎಷ್ಟುದ್ದ ಬಿಡಬೇಕು ಅಂತ ನೋಡಿಕೊಳ್ಳುತ್ತಾನೆ. ಯಾರದು ಅಂದಳು ಲಿಡಿಯಾ. ಬಡಗಿ, ಬಾಗಿಲಿನ ಕೀಲು ನೋಡ್ತಿದಾನೆ ಅಂದೆ.

"ಮಾರನೇ ದಿನ ಬೆಳಿಗ್ಗೆ ಅವಳು ಕಿರುಚಲಿಲ್ಲ. 'ನೀನು ಹೇಳಿದ್ಯಲ್ಲ' ಅಂದ್ಲು. ಅಷ್ಟೇ. ಆ ಬಡಗಿ ಇವತ್ತು ಮಧ್ಯಾಹ್ನದ ಟ್ರೈನಿಗೆ ಬಂದಿಳೀತಾನೆ ಮಾರ್ಥಾ. ನಾಳೆ ನೆಲ್ಲಿ ಬಾಗಿಲಿಗೆ ಕಣ್ಣಿಡ್ತಾನೆ."

ಮಾರ್ಥಾ ಹಂಡೆಯ ಪಕ್ಕದ ಕಟ್ಟೆಯ ಮೇಲೆ ಕೂತಳು. ಕೆಂಪು ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡಳು.

"ಬರೀ ಲೋಟ ಅಲ್ಲ," ಅಂದಳು.

ನಾನು ಅವಳ ಪಕ್ಕ ಹೋಗಿ ಕೂತೆ.

"ಎದೆ ಮೇಲೆ ಕೈ ಜೋಡಿಸ್ಬೇಕಲ್ಲ. ಅವನ ಎಡಗೈ ಬಿಚ್ಚಲಿಲ್ಲ. ಮುಷ್ಟಿ. ಬಿಸಿನೀರಿನ ಬಟ್ಟೆ ಸುತ್ತಿ ಒಂದೊಂದೇ ಬೆರಳು ಬಿಡಿಸ್ದೆ. ಒಳಗೆ ಪಾಷಾಣದ ಪೊಟ್ಟಣ. ಖಾಲಿ. ರಾತ್ರಿಯೆಲ್ಲ ವಾಂತಿ ಮಾಡ್ತಾ ಒದ್ದಾಡಿದಾನೆ, ಹೆಂಡ್ತಿ ಪಕ್ಕದಲ್ಲೇ ಇದ್ದಾಳೆ... ಅವಳ ಕಣ್ಣಿಗೆ ಬೀಳಬಾರದು ಅಂತ ಮುಷ್ಟಿ ಬಿಟ್ಟಿಲ್ಲ."

"ಪೊಟ್ಟಣ ಎಲ್ಲಿದೆ?"

"ಒಲೆಗೆ ಹಾಕ್ದೆ."

ತಾನೇ ಪ್ರಾಣ ಕಳೆದುಕೊಂಡವನು ಅಂತ ಗೊತ್ತಾದರೆ ಪ್ರಾರ್ಥನೆಯಿಲ್ಲದೆ ಮಣ್ಣು ಮಾಡುತ್ತಾರೆ. ಅವನ ತಾಯಿ ಇನ್ನೂ ಬದುಕಿದ್ದಳು, ದಿನಾ ಚಾಪೆಲ್ಲಿಗೆ ಹೋಗುವವಳು. ಸತ್ತವನ ಮಾನ ಉಳಿಸುವುದೂ ತೊಳೆಯುವವಳ ಕೆಲಸವೇ. ಆಗ ನೆಲ್ಲಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಮಾರ್ಥಾ ಮಾಡಿದ್ದು ದಯೆ. ಅದು ಆರು ವಾರದ ಮೇಲೆ ಹಗ್ಗವಾಯಿತು.

"ಸುಳ್ಳು!"

ಬಾಗಿಲು ಮುರಿದಿರಲಿಲ್ಲ. ಸೆತ್ ಕಲ್ಲಿದ್ದಲ ಕೊಟ್ಟಿಗೆಯ ಮೇಲೆ ಹತ್ತಿ ಗೋಡೆ ದಾಟಿದ್ದ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ. ಕೈಯಲ್ಲಿ ಈ ಸಲ ಕೆಲಸದ ಚೂರಿ ಇತ್ತು. ದೊಡ್ಡದಲ್ಲ. ಕುರಿಗೆ ದೊಡ್ಡದು ಬೇಕಿಲ್ಲ... ನನಗೂ ಬೇಕಿರಲಿಲ್ಲ.

ನನ್ನ ತಮ್ಮ ಹೇಡಿಯಲ್ಲ, ಅಂದ. ನಾಲ್ಕು ವರ್ಷ ಕಂದಕದಲ್ಲಿ ಇದ್ದು ಬಂದವನು ಹಾಗೆ ಸಾಯುವುದಿಲ್ಲ, ಅಂದ. ಆ ಮಾತು ಇನ್ನೊಬ್ಬರ ಕಿವಿಗೆ ಬಿದ್ದರೆ ಇಬ್ಬರನ್ನೂ ಇಲ್ಲೇ ಮುಗಿಸುತ್ತೇನೆ, ಅಂದ. ಆ ಹೊತ್ತಿಗೆ ಅವನ ಮನಸ್ಸು ನನಗೆ ಪೂರ್ತಿ ಅರ್ಥವಾಯಿತು. ನೆಲ್ಲಿ ನೇಣಿಗೆ ಹೋದರೆ ಅವನ ತಮ್ಮ ಕೊಲೆಯಾದವನು. ಬದುಕಿದರೆ ಅವನ ತಮ್ಮ ಬೇರೇನೋ.

ನಾನು ಅಗುಳಿ ತೆಗೆದು ಬಾಗಿಲು ತಳ್ಳಿದೆ. ಓಡುವುದಕ್ಕಲ್ಲ. ಓಣಿಯಲ್ಲಿ ಹದಿನೈದು ಹೆಂಗಸರು ನಿಂತಿದ್ದರು. ಹೊಲಸಾದ ದುಪ್ಪಟಿಗಳ ಕೋಪ ಮುಖದ ಮೇಲಿತ್ತು. ಕೈಯಲ್ಲಿ ಹಗ್ಗ ಎತ್ತುವ ಗಳುಗಳು, ಒಂದೊಂದೂ ಎಂಟಡಿ.

ಗಳುಗಳು ನಿಧಾನವಾಗಿ ಕೆಳಗಿಳಿದು ಸೆತ್‌ನ ಎದೆಯ ಕಡೆ ತಿರುಗಿದವು.

ಮಾರ್ಥಾ ಮಾತ್ರ ಅವನ ಹತ್ತಿರಕ್ಕೆ ನಡೆದಳು. ಚೂರಿ ಅವಳ ಗಂಟಲಿನಿಂದ ಒಂದು ಗೇಣು. ಅವಳು ಅದನ್ನು ನೋಡಲೇ ಇಲ್ಲ.

"ನಿನ್ನ ಕಾಲು ಹಿಡಿದು ಈಚೆ ಎಳೆದವಳು ನಾನು ಕಣೋ. ಅವನನ್ನೂ. ಕೊನೇಲಿ ಅವನ ಮೈ ತೊಳೆದವಳೂ ನಾನೇ. ನಾನು ಸುಳ್ಳು ಹೇಳ್ತಿದೀನಾ? ನನ್ನ ಮುಖ ನೋಡಿ ಹೇಳು."

ಅವನು ನೋಡಿದ. ಕೋಪದಲ್ಲಿ ಕಪ್ಪಿಟ್ಟ ಆ ದೊಡ್ಡ ಮುಖ ಸಣ್ಣಗಾಗುತ್ತಾ ಬಂತು.

"ಪೊಟ್ಟಣದ ಮೇಲೆ ಏನಾದ್ರೂ ಇತ್ತಾ?" ಅಂದ. ದನಿ ಬೇರೆಯೇ ಆಗಿತ್ತು. "ಅವನು... ಏನಾದ್ರೂ ಬರೆದಿದ್ನಾ?"

"ಪೆನ್ಸಿಲ್ಲಲ್ಲಿ ಎರಡು ಸಾಲು ಇತ್ತು."

"ಏನಂತ?"

"ಗೊತ್ತಿಲ್ಲ ಮಗಾ," ಅಂದಳು ಮಾರ್ಥಾ. "ನನಗೆ ಓದಕ್ಕೆ ಬರಲ್ಲ."

ಚೂರಿ ಕಲ್ಲಿನ ಮೇಲೆ ಬಿತ್ತು. ಸೆತ್ ಬಾಗಿಲ ಮೆಟ್ಟಿಲ ಮೇಲೆ ಕೂತ. ಬಲಿಯಾಗುವ ಪ್ರಾಣಿಗಳನ್ನು ಹತ್ತು ವರ್ಷ ನೋಡಿದವನು ಅವುಗಳ ಹಾಗೇ ಕೂತ. ಹೆಂಗಸರು ತಮ್ಮ ಗಳುಗಳನ್ನು ಮೇಲೆತ್ತಿಕೊಂಡರು. ಯಾರೋ ಒಬ್ಬಳು ಅವನಿಗೂ ಟೀ ತಂದುಕೊಟ್ಟಳು. ನಮ್ಮ ಕಡೆ ಹಾಗೆಯೇ. ಕೊಲ್ಲಲು ಬಂದವನಾದರೂ ಸರಿ, ಕೂತ ಮೇಲೆ ಟೀ ಕೊಡಬೇಕು.

ಮಾರ್ಥಾ ಒದ್ದೆ ಏಪ್ರನ್ ಬಿಚ್ಚಿದಳು. ಒಳಗೆ ಹೋಗಿ ಸಾವಿನ ಮನೆಗಳಿಗೆ ಹಾಕಿಕೊಂಡು ಹೋಗುವ ಕಪ್ಪು ಹ್ಯಾಟು ಹಾಕಿಕೊಂಡು ಬಂದಳು. ಹಂಡೆಯ ಬೆಂಕಿ ಆರಿಸಲು ಪಕ್ಕದ ಮನೆಯವಳಿಗೆ ಹೇಳಿದಳು. ಬೀದಿ ದಾಟುವಾಗ ತುಂಬು ಬಸುರಿಯೊಬ್ಬಳು ಬಾಗಿಲಲ್ಲಿ ನಿಂತು ಅವಳನ್ನೇ ನೋಡುತ್ತಿದ್ದಳು. ಮಾರ್ಥಾ ಅತ್ತ ತಿರುಗಲಿಲ್ಲ. ತಿರುಗಿದ್ದರೆ ಬರುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ.

ಹನ್ನೊಂದೂವರೆಗೆ ಎಂಟ್ವಿಸಲ್ಲರ ಕಚೇರಿ. ಅವಳು ಹೇಳಿದಳು, ಗುಮಾಸ್ತ ಬರೆದ, ಪ್ರಮಾಣ ಮಾಡಿಸಿದರು. ಸಹಿಯ ಜಾಗದಲ್ಲಿ ಒಂದು ಅಡ್ಡಗೀಟು, ಒಂದು ಉದ್ದಗೀಟು. ಲೈಸೆನ್ಸಿಲ್ಲದ ಹೆರಿಗೆಗಳ ಮಾತು ಬೇಡ, ಅದನ್ನು ಯಾರೂ ಕೇಳಿಲ್ಲ, ಅಂದರು ಎಂಟ್ವಿಸಲ್. ಹಾಕಿ ಅಂದಳು ಮಾರ್ಥಾ. ನೆಲ್ಲಿ ಯಾಕೆ ಸುಳ್ಳು ಹೇಳಿದಳು ಅಂತ ಲಂಡನ್ನಿನ ದೊಡ್ಡವರು ಕೇಳಿದರೆ ಕಾಗದದಲ್ಲಿ ಉತ್ತರ ಇರಬೇಕಲ್ಲ.

ಆ ಕಾಗದವನ್ನು ವಕೀಲರೇ ಲಂಡನ್ನಿಗೆ ಒಯ್ದು ಮಂತ್ರಿಯ ಕೈಗೆ ಮುಟ್ಟಿಸಬೇಕು. ಸ್ಟೇಷನ್ನಿಗೆ ಟ್ಯಾಕ್ಸಿ. ಟ್ಯಾಕ್ಸಿಗೆ ಅಡ್ಡ ಬಿಯರ್ ಗಾಡಿ. ಇಳಿದು ಓಡಿದೆವು. ಅರವತ್ತು ದಾಟಿದ ವಕೀಲರು, ಮುರಿದ ಪಕ್ಕೆಯ ನಾನು. ಗಾರ್ಡ್ ಹಸಿರು ಬಾವುಟ ಎತ್ತಿ ಆಗಿತ್ತು. ಚಲಿಸುತ್ತಿದ್ದ ಡಬ್ಬಿಯ ಬಾಗಿಲು ಎಳೆದು ಅವರನ್ನು ಮೂಟೆಯ ಹಾಗೆ ಒಳಗೆ ನೂಕಿದೆ. ಎದುರಿನ ಪ್ಲಾಟ್‌ಫಾರಮ್ಮಿನಲ್ಲಿ ಉತ್ತರದ ಟ್ರೈನು ಬಂದು ನಿಂತಿತು. ಅದರಿಂದ ಸಣ್ಣ ಪೆಟ್ಟಿಗೆ ಹಿಡಿದ, ನೀಟಾಗಿ ಕ್ಷೌರ ಮಾಡಿಕೊಂಡ ಒಬ್ಬ ಮನುಷ್ಯ ಇಳಿದ. ನನಗೆ ಟೋಪಿ ಎತ್ತಿದ. ಲಿಡಿಯಾಳ ದಿನದಿಂದ ನಮಗೆ ಮುಖಪರಿಚಯ.

ನಾನು ತಲೆ ಆಡಿಸಲಿಲ್ಲ.

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಲಂಡನ್ನಿನಿಂದ ತಂತಿ ಬಂತು. ನನ್ನನ್ನೂ ಒಳಗೆ ಕರೆದರು, ವಕೀಲರ ಪರವಾಗಿ. ಜೈಲಿನ ಗವರ್ನರ್ ಎದ್ದು ನಿಂತು ಓದಿದರು. ಪೊಟ್ಟಣ ಸುಟ್ಟುಹೋಗಿದೆ. ಅದರ ಮೇಲೆ ಏನು ಬರೆದಿತ್ತು ಅಂತ ಹೇಳಬಲ್ಲವರು ಯಾರೂ ಇಲ್ಲ. ಅನುಮಾನಕ್ಕೆ ಜಾಗವಿದೆ, ಬಿಡುಗಡೆಗೆ ಜಾಗವಿಲ್ಲ. ಆದ್ದರಿಂದ ದಯೆ ತೋರಿ ಮರಣದಂಡನೆಯನ್ನು ಜೀವಾವಧಿ ಸಜೆಗೆ ಇಳಿಸಲಾಗಿದೆ.

ನೆಲ್ಲಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಗವರ್ನರಿಗೆ ಥ್ಯಾಂಕ್ಸ್ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ತುಟಿ ಆಡಿಸಿದಳು. ನನಗೆ ತುಟಿ ಓದಲು ಬರುತ್ತದೆ ಅಂತ ಅಕ್ಕ ಆಮೇಲೆ ತಿಳಿದುಕೊಂಡು ಹೇಳಿರಬೇಕು. ಮಾರ್ಥಾಗೆ ಎಷ್ಟು, ಅಂತು ತುಟಿ.

ಸಾಕ್ಷಿ ಸುಟ್ಟದ್ದಕ್ಕೆ ಆರು ತಿಂಗಳು ಆಗಬಹುದು, ಅಂದೆ ಸದ್ದಿಲ್ಲದೆ.

ನನಗೆ?

ಹದಿನೈದು ವರ್ಷ. ನಡತೆ ಚೆನ್ನಾಗಿದ್ದರೆ ಹನ್ನೆರಡು.

ಅವಳ ತುಟಿ ನಿಂತಿತು. ಈ ಸಲ ಅದು ನಿಜವಾದ ಮೌನವೇ. ಆಮೇಲೆ ಬಾಯಿಬಿಟ್ಟೇ ಕೇಳಿದಳು, ಎಲ್ಲರಿಗೂ ಕೇಳುವ ಹಾಗೆ:

"ಅಂದ್ರೆ, ನಾನು ಮಾಡಿಲ್ಲ ಅಂತ ಇವರಿಗೆ ಗೊತ್ತಾಯ್ತು ತಾನೇ?"

ಗವರ್ನರ್ ಕಾಗದ ಮಡಿಸಿದರು. ವಾರ್ಡರ್ ಕಿಟಕಿ ನೋಡಿದಳು. ನಾನು ಹ್ಯಾಟು ಹಾಕಿಕೊಂಡೆ.

ನಮ್ಮ ದೇಶದಲ್ಲಿ ವಿಷ ಹಾಕಿದಳು ಅನ್ನಿಸಿಕೊಂಡ ಹೆಂಗಸಿಗೆ ನೇಣು ತಪ್ಪಬೇಕಾದರೆ ನಿರಪರಾಧಿಯಾಗಿರಬೇಕು. ಜೈಲು ತಪ್ಪಬೇಕಾದರೆ ಇನ್ನೇನಾಗಿರಬೇಕೋ... ಆ ಕೇಸು ನನ್ನ ಕೈಗೆ ಇನ್ನೂ ಬಂದಿಲ್ಲ.